ಬಣ್ಣದ ಪುಸ್ತಕದಲ್ಲಿ ನಮ್ಮ ಮೆಣಸಿನಕಾಯಿ ಎಲ್ಲಿ?

ಮಾನ್ಯರೇ,

ನಾಲ್ಕು ವರ್ಷದ ಮೊಮ್ಮಗಳಿಗೆ ಬಣ್ಣ ಕಲಿಸೋಣವೆಂದು ಪೇಟೆಯಿಂದ ಒಂದು ಚಿತ್ರ ಪುಸ್ತಕ ತಂದೆ. ಕೆಂಪಿಗೆ ಸ್ಟ್ರಾಬೆರಿ, ನೀಲಿಗೆ ಬ್ಲೂಬೆರಿ, ಕಂದು ಬಣ್ಣಕ್ಕೆ ಕರಡಿ. ಮೂರನ್ನೂ ಅವಳು ಕಂಡೇ ಇಲ್ಲ. ಮುದ್ರಣವೂ ಅಷ್ಟಕ್ಕಷ್ಟೇ. ಕೇಸರಿ ಯಾವುದು, ಕೆಂಪು ಯಾವುದು ಎಂದು ನನಗೇ ಗೊತ್ತಾಗಲಿಲ್ಲ.

ಕೊನೆಗೆ ಪುಸ್ತಕ ಹಿಡಿದುಕೊಂಡೇ ಇಬ್ಬರೂ ಅಡುಗೆಮನೆಗೆ ಹೋದೆವು. ಬ್ಯಾಡಗಿ ಮೆಣಸಿನಕಾಯಿ, ಅರಿಸಿನ ಕೊಂಬು, ಹಿಡಿ ರಾಗಿ, ಬದನೆಕಾಯಿ. ಒಂದೊಂದನ್ನೇ ಪುಟದ ಮೇಲಿಟ್ಟು ಹೊಂದಿಸಿದಳು. ಕರಿಬೇವಿನ ಹತ್ತಿರ ಮಾತ್ರ ಸಿಕ್ಕಿಬಿದ್ದೆ. ‘ಕರಿ ಅಂತಿ, ಹಸರ ಐತಲ್ಲ ಅಜ್ಜಿ?’ ಎಂದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನಮ್ಮಲ್ಲಿ ಬಣ್ಣದ ಪದಗಳಿಗೇನು ಬರವೇ? ಕೆಮ್ಮಣ್ಣು, ಕೆಂದಾವರೆ, ಕರಿಮೋಡ, ಗಿಳಿಹಸಿರು. ನೇರಳೆ ಹಣ್ಣು ತಿಂದು ನಾಲಿಗೆ ಚಾಚಿ ತೋರಿಸುವ ಮಗುವಿಗೆ ಆ ಬಣ್ಣವನ್ನು ಬೇರೆ ಕಲಿಸಬೇಕಿಲ್ಲ, ಅಲ್ವಾ? ಇಂಥವನ್ನೇ ಇಟ್ಟು ಪುಸ್ತಕ ಮಾಡುವವರು ಜಾಸ್ತಿಯಾಗಲಿ.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಒಳ್ಳೆಯ ಕೆಲಸ. ಆದರೆ ಮೊಬೈಲ್ ಪರದೆಯ ಮೇಲೆ ಮೆಣಸಿನಕಾಯಿ ಇಟ್ಟು ಹೊಂದಿಸಿ ನೋಡುವುದು ಕಷ್ಟ. ಅಂಗನವಾಡಿಗಳಿಗೆ ಅಂಥ ನಾಲ್ಕಾರು ಪುಸ್ತಕಗಳನ್ನು ದಪ್ಪ ಕಾಗದದಲ್ಲಿ, ಬಣ್ಣ ಕೆಡದಂತೆ ಮುದ್ರಿಸಿ ಕೊಡಬೇಕೆಂದು ಸಂಬಂಧಪಟ್ಟ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ಅಜ್ಜಿ, ಹಾವೇರಿ