ಕೆಂಪಾತೇನೋ?

ಪ್ರೀತಿಯ ಹ್ಯಾಂಡಲ್,

ಫೋನ್ ಮಾಡಿದರೆ ಮಾತೆಲ್ಲ ನೀನೇ ಆಡುತ್ತೀ, ಅದಕ್ಕೇ ಈ ಪತ್ರ. ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ, ಆಮೇಲೆ "ನೀ ನನಗ ಹೇಳೇ ಇಲ್ಲ" ಅಂತ ನೀನು ಜಗಳ ತೆಗೆಯಬಾರದು. ಮಹಾಲಿಂಗಪುರದವರು ಯಾರಾದರೂ ಓದುತ್ತಿದ್ದರೆ, ಹೌದ್ರೀ, ಆ ಬೆಲ್ಲದ ಪೆಂಟಿಯ ಹ್ಯಾಂಡಲ್ ಇವನೇ.

ಲಾರಿ ಶುರುವಾಯಿತು ದೋಸ್ತ. ಹೋದ ತಿಂಗಳು, ಒಂದು ಭಾನುವಾರ ಸಂಜೆ, ಪುಣೆ ಹತ್ತಿರ ಭೋಸರಿಯ ಬಾಡಿಗೆ ಶೆಡ್ಡಿನಲ್ಲಿ. ಎರಡೂವರೆ ವರ್ಷದ ರವಿವಾರಗಳೆಲ್ಲ ಅದಕ್ಕೇ ಹೋಗಿದ್ದವು.

ಟಾಟಾ ಮರ್ಸಿಡಿಸ್ ಬೆಂಜ್ 312, 1964ರ ಮಾಡೆಲ್. ನಿಮ್ಮಪ್ಪನ ಗಾಡಿಯ ಒಡಹುಟ್ಟು. ಅದೇ ಉದ್ದ ಮೂಗು, ಮುಂದೆ ಅದೇ ಮೂರು ಮೂಲೆಯ ನಕ್ಷತ್ರ. ಟಾಟಾದ ಟೆಲ್ಕೋ ಕಂಪನಿಯವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದರು. 1969ಕ್ಕೆ ಕರಾರು ಮುಗಿದು ನಕ್ಷತ್ರ ಹೋಯಿತು, ಆದರೆ ನಮ್ಮ ಕಡೆಯವರ ಬಾಯಲ್ಲಿ ಅದು ಬಹಳ ವರ್ಷ "ಬೆಂಜ್ ಗಾಡಿ"ಯಾಗಿಯೇ ಉಳಿಯಿತು. ನಿಮ್ಮ ಗಾಡಿ ಓಡಿಸುತ್ತಿದ್ದ ನಮ್ಮಪ್ಪ ಅಂತೂ ಕಡೇತನಕ ಹಾಗೇ ಅನ್ನುತ್ತಿದ್ದ.

ಚಾಸಿಗೆ ಏನೂ ಆಗಿರಲಿಲ್ಲ. ಹಾಳಾಗಿದ್ದದ್ದು ಕ್ಯಾಬಿನ್. ಆಗೆಲ್ಲ ಕಂಪನಿಯಿಂದ ಬರುತ್ತಿದ್ದದ್ದು ಚಾಸಿ, ಎಂಜಿನ್, ಬಾನೆಟ್ಟು. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ಆಯಾ ಊರಿನ ಬಡಿಗರ ಕೈಯ ಕೆಲಸ, ಕಟ್ಟಿಗೆಯ ಚೌಕಟ್ಟಿಗೆ ತಗಡು ಹೊಡೆದದ್ದು. ಅದಕ್ಕೇ ಒಂದು ಗಾಡಿಯ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಆಯುಧಪೂಜೆಯ ಆ ಫೋಟೊ ಕಳಿಸು ಅಂತ ನಿನ್ನ ಬೆನ್ನು ಹತ್ತಿದ್ದು ಇದಕ್ಕೇ. ಕದದ ಮೇಲಿನ ಬಾಗು, ಕಿಟಕಿಯ ಸಣ್ಣ ಪಟ್ಟಿ, ಎಲ್ಲ ಅದನ್ನು ನೋಡಿಯೇ ಮಾಡಿಸಿದೆ. ಎಂಜಿನ್ನಿನ ಸಾಮಾನು ಅರ್ಧ ಇಲ್ಲಿಯ ನಾನಾ ಪೇಠೆಯಲ್ಲಿ ಸಿಕ್ಕಿತು, ಅರ್ಧ ಮುಂಬೈಯ ಕುರ್ಲಾದಲ್ಲಿ.

ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸುವ ನಿಯಮ 2021ರಲ್ಲಿ ಬಂತಲ್ಲ, ಅದು ಬೈಕು, ಕಾರುಗಳಿಗೆ ಮಾತ್ರ. ಸಾಹುಕಾರರು ಹತ್ತಿ ಓಡಾಡಿದ ಗಾಡಿಗೆ ಮರ್ಯಾದೆಯ ನಂಬರ್ ಪ್ಲೇಟು ಸಿಗುತ್ತದೆ, ಊರೂರಿಗೆ ಅಕ್ಕಿ ಬೆಲ್ಲ ಹೊತ್ತ ಗಾಡಿಗೆ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಸದ್ಯಕ್ಕೆ ನಮ್ಮ ಲಾರಿ ಶೆಡ್ಡಿನಿಂದ ಅಂಗಳಕ್ಕೆ, ಅಂಗಳದಿಂದ ಶೆಡ್ಡಿಗೆ.

ಇರಲಿ. ಆ ಸಂಜೆಯ ಮಾತು ಹೇಳುತ್ತೇನೆ.

ಡೀಸೆಲ್ ಲೈನಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಎಂಜಿನ್ ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ. ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲ ಮಾಡಿ ಹ್ಯಾಂಡ್ ಪಂಪ್ ಒತ್ತುತ್ತಾ ಕೂತೆ. ಮೊದಲು ಬರೀ ನೊರೆ ಬಂತು, ಆಮೇಲೆ ದೊಡ್ಡ ಗುಳ್ಳೆ, ಆಮೇಲೆ ಗುಳ್ಳೆಯೇ ಇಲ್ಲದ ಡೀಸೆಲ್ ಬೆರಳ ಮೇಲೆ ತಣ್ಣಗೆ ಹರಿಯಿತು. ಬೋಲ್ಟ್ ಬಿಗಿದು ಮೇಲೆ ಹತ್ತಿ ಕೂತೆ. ತಣ್ಣಗಿನ ಎಂಜಿನ್ನಿಗೆ ಮೊದಲು ಕಾವು ಕೊಡುವ ಹೀಟರಿನ ಗುಬ್ಬಿ, ಅಂದರೆ ಆ ಗುಂಡಿ, ಎಳೆದು ಹಿಡಿದೆ. ನಿನಗೆ ನೆನಪಿದೆಯಲ್ಲ, ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಜಾಲರಿ, ಅದರ ಹಿಂದೆ ತಂತಿಯ ಸುರುಳಿ? ಅದು ಮೆಲ್ಲಗೆ ಕಂದಾಯಿತು, ಆಮೇಲೆ ಕೆಂಪು, ಆಮೇಲೆ ಒಲೆಯ ಕೆಂಡದ ಹಾಗೆ ಕಿತ್ತಳೆ. ಸೆಲ್ಫ್ ಹೊಡೆದೆ. ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ ಆರೂ ಸಿಲಿಂಡರ್ ಹತ್ತಿಕೊಂಡು ಶೆಡ್ಡಿನ ತಗಡೆಲ್ಲ ನಡುಗಿತು. ನನ್ನ ಕಣ್ಣಲ್ಲಿ ನೀರು. ಹೊಗೆಯಿಂದ ಅಲ್ಲ.

ಸೈಲೆನ್ಸರ್ ಇನ್ನೂ ಕೂರಿಸಿರಲಿಲ್ಲ. ಆದರೂ ತಡೆಯಲಾಗದೆ ದಿನಾ ಸಂಜೆ ತಾಸು ಎರಡು ತಾಸು ಓಡಿಸಿದೆ. ನಾಲ್ಕನೇ ದಿನ ಮನೆಗೆ ಬಂದಾಗ ಮಗಳು, "ಅಪ್ಪಾ, ಯಾಕ ಒದರಾಕತ್ತೀ?" ಅಂದಳು. ನಾನು ಒದರುತ್ತಿರಲಿಲ್ಲ, ಚಹಾ ಕೇಳಿದ್ದೆ, ಅಷ್ಟೆ. ರಾತ್ರಿಯೆಲ್ಲ ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲಲಿಲ್ಲ. ಮಾರನೇ ದಿನ ಕಿವಿ ಡಾಕ್ಟರ ಹತ್ತಿರ ಹೋದೆ. ನನ್ನದು ಇಳಿಯುತ್ತದೆ, ಎಂಜಿನ್ನಿನ ಹತ್ತಿರ ಹೋಗುವಾಗ ಕಿವಿ ಮುಚ್ಚಿಕೊಳ್ಳಿ ಅಂದರು. ಆದರೆ ವರ್ಷಗಟ್ಟಲೆ ಇಂಥ ಸಪ್ಪಳದಲ್ಲಿ ಇದ್ದವರಿಗೆ ಒಳಕಿವಿಯ ಸಣ್ಣ ಕೂದಲಿನಂಥ ಕೋಶಗಳು ಸಾಯುತ್ತವಂತೆ, ಮತ್ತೆ ಹುಟ್ಟುವುದಿಲ್ಲವಂತೆ. ಮೊದಲು ಹೊಡೆತ ಬೀಳುವುದು 4000 ಹರ್ಟ್ಜ್ ಆಸುಪಾಸಿನ ಎತ್ತರದ ಸ್ವರಗಳಿಗೆ. ದಪ್ಪ ಧ್ವನಿ ಕೇಳುತ್ತದೆ. ಹೆಂಗಸರ, ಮಕ್ಕಳ ಸಣ್ಣ ಧ್ವನಿ ಕಿವಿಗೆ ಬಿದ್ದರೂ ಏನಂದರು ಅಂತ ತಿಳಿಯುವುದಿಲ್ಲ.

ಹ್ಯಾಂಡಲ್, ನಾನು ಆ ಕುರ್ಚಿಯಲ್ಲೇ ಕೂತುಬಿಟ್ಟೆ.

ಚಳಿಗಾಲದ ನಸುಕಿನಲ್ಲಿ ಗುಬ್ಬಿ ಹಿಡಿಯುವ ಕೆಲಸ ನನ್ನದಿತ್ತು. ಅಪ್ಪ ಬಾನೆಟ್ ಎತ್ತಿ ಪಂಪಿನ ಹತ್ತಿರ ನಿಂತು, "ಕೆಂಪಾತೇನೋ?" ಅನ್ನುತ್ತಿದ್ದ. "ಹೂಂ" ಅನ್ನುತ್ತಿದ್ದೆ. ಮತ್ತೆ ಕೇಳುತ್ತಿದ್ದ. ಮತ್ತೆ "ಹೂಂ" ಅನ್ನುತ್ತಿದ್ದೆ. ಮೂರನೇ ಸಲಕ್ಕೆ, "ಬಾಯಾಗ ಏನ್ ಇಟಗೊಂಡೀಯೋ?" ಅಂತ ಓಣಿ ಏಳುವ ಹಾಗೆ ಒದರುತ್ತಿದ್ದ. ಎಂಜಿನ್ ಇನ್ನೂ ಶುರುವಾಗಿರುತ್ತಿರಲಿಲ್ಲ ದೋಸ್ತ. ಎಲ್ಲ ಶಾಂತವಾಗಿರುತ್ತಿತ್ತು. ನೀನು ಹಿತ್ತಲಿನಿಂದಲೇ, ಆಗಲೇ ಒಡೆದಿದ್ದ ಗಂಟಲಿನಲ್ಲಿ, "ಕೆಂಪಾತ್ರೀ ಕಾಕಾ!" ಅಂದರೆ ಸಾಕು, ಅಪ್ಪ ನಗುತ್ತಿದ್ದ. ನಿನ್ನ ಜೊತೆ ಖಂಬಾಟಕಿ ಘಾಟಿನ ಕಥೆ, ಪುಣೆಯ ಮಾರ್ಕೆಟ್ ಯಾರ್ಡಿನ ಹಮಾಲರ ಕಥೆ. ನನಗೂ ಅವ್ವನಿಗೂ ಬರೀ "ಆಂ?"

ಇದನ್ನು ಬರೆಯಬೇಕು ಅಂತ ಕೂತವನಲ್ಲ ನಾನು. ನಲವತ್ತು ವರ್ಷ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಮಾಲಕರ ಮಗ ಅಂತ ಅಪ್ಪ ನಿನ್ನನ್ನು ಮುದ್ದು ಮಾಡುತ್ತಾನೆ, ಹೆತ್ತ ಮಗನ ಮಾತು ಅವನಿಗೆ ಬೇಕಿಲ್ಲ ಅಂದುಕೊಂಡಿದ್ದೆ. 1991ರಲ್ಲಿ ಪುಣೆಗೆ ಹೊರಡುವಾಗ, "ಅಪ್ಪಾ, ಇನ್ನ ಅಲ್ಲೇ ಇರತೀನಿ" ಅಂದೆ. "ಆಂ?" ಅಂದ. ಎರಡನೇ ಸಲ ಹೇಳಲಿಲ್ಲ. ಟ್ರಂಕು ಎತ್ತಿಕೊಂಡು ಹೊರಟೆ. ಬಸ್ಸು ತಿರುಗುವವರೆಗೂ ಅವನು ಗಾಡಿಯ ಹತ್ತಿರವೇ ನಿಂತಿದ್ದ. ನಾನು ಏನಂದೆ ಅಂತ ಅವನಿಗೆ ತಿಳಿದಿತ್ತೋ ಇಲ್ಲವೋ. ಅಪ್ಪ ಹೋಗಿ 16 ವರ್ಷ ಆಯಿತು, ಇನ್ನು ಕೇಳುವುದು ಯಾರನ್ನ?

ನಿನಗೂ ಅವನು ಏನೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಬರೆ. ಫೋನ್ ಮಾಡಬೇಡ, ಬರೆ.

ಸಾಕು, ಬಹಳ ಬರೆದೆ. ಸೈಲೆನ್ಸರ್ ಕೂರಿಸಿದ್ದೇನೆ, ಮನೆಯಲ್ಲಿ ನೆಮ್ಮದಿ. ಬಾನೆಟ್ಟಿಗೆ ಹಸಿರು ಬಣ್ಣವೇ, ನಿಮ್ಮಪ್ಪ ಆರಿಸಿದ್ದು. ಖಂಡೇನವಮಿಗೆ ಮನೆಮಂದಿಯನ್ನೆಲ್ಲ ಕರಕೊಂಡು ಬಾ. ಹೊಸ ಬೆಲ್ಲ ತಾ, ಪೆಂಟಿಯ ಮೇಲೆ ಮಾತ್ರ ಕೂರಬೇಡ. ಹಳೇ ಹಾರ್ನ್ ಇನ್ನೂ ಸಿಕ್ಕಿಲ್ಲ, ನೀನು ಬಂದರೆ ಅದೂ ಬೇಕಾಗುವುದಿಲ್ಲ. ಗುಬ್ಬಿ ನಾನು ಹಿಡಿಯುತ್ತೇನೆ, ಕೆಂಪಾದಾಗ ಕೂಗುವುದು ನಿನ್ನ ಕೆಲಸ.

ನಿನ್ನ,
ಡ್ರೈವರ್‌ ಕಾಕಾನ ಮಗ