ಸೈಟಿನ ಮಾತು ಸದ್ಯಕ್ಕೆ ಬೇಡ

ಗ್ಲಾಸ್ಗೋ
ಭಾನುವಾರ ರಾತ್ರಿ

ಅಪ್ಪನಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ, ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ.

ಕಾಗದ ಓದಿದೆ. ಪುಟ್ಟಿ ಇಲ್ಲಿಗೆ ಬಂದು ‘ಸಿನಿಮಾ ಮತ್ತು ಭಾಷಾವಿಜ್ಞಾನ’ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಅದರ ಖರ್ಚಿಗೆ ಅಂತ ಬ್ರೋಕರ್ ಉಲ್ಲಾಳದ ಸೈಟಿಗೆ ಗಿರಾಕಿ ಕರೆತಂದಿದ್ದಾನೆ ಅಂತ ಬರೆದಿದ್ದೀರಿ. ಮೊದಲು ಅವನನ್ನು ನಿಲ್ಲಿಸಿ. ಸೈಟು ಮಾರುವ ಅಗತ್ಯ ಇಲ್ಲವೇ ಇಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

‘ಸಿನಿಮಾ ಓದೋಕೆ ಸ್ಕಾಟ್ಲೆಂಡ್ ಯಾಕೆ, ಗಾಂಧಿನಗರ ಸಾಲದಾ’ ಅಂತ ಮಾವ ಕೇಳಿದ್ದು ತಪ್ಪೇನಲ್ಲ. ಆದರೆ ಇದು ಸಿನಿಮಾ ತೆಗೆಯುವ ಓದಲ್ಲ. ಕ್ಯಾಮೆರಾ ಹಿಡಿಯುವ ಆಸೆಯೇ ಆದರೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಛಾಯಾಗ್ರಹಣಕ್ಕೂ ಧ್ವನಿಗ್ರಹಣಕ್ಕೂ ಡಿಪ್ಲೊಮಾ ಇದೆ, ಮನೆಯಿಂದಲೇ ಓಡಾಡಬಹುದು. ಇಲ್ಲಿ ಕಲಿಸುವುದು ಸಿನಿಮಾ ಬಿಡಿಸಿ ನೋಡುವುದನ್ನು: ಶಾಟ್ ಎಷ್ಟು ಸೆಕೆಂಡ್ ನಿಂತಿತು, ಎಲ್ಲಿ ಕತ್ತರಿಸಿದರು, ಶಬ್ದ ಚಿತ್ರಕ್ಕಿಂತ ಮೊದಲೇ ಯಾಕೆ ಬಂತು. ವಾರಕ್ಕೊಂದು ಪ್ರದರ್ಶನ, ಅದರ ಮೇಲೆ ಚರ್ಚೆ, ಕೊನೆಗೆ ಪ್ರಬಂಧ. ಸಿನಿಮಾ ನೋಡುವುದಕ್ಕೂ ಹಾಜರಿ ತಗೋತಾರೆ, ಅಮ್ಮನಿಗೆ ಹೇಳಿ, ನಗಲಿ. ಕ್ಯಾಮೆರಾ ಸಿಗುತ್ತದೆ ಅಂತ ನಂಬಿ ಬಂದ ಹುಡುಗರೇ ಮೊದಲ ವರ್ಷ ಗೊಣಗುವುದು.

ಭಾಷಾವಿಜ್ಞಾನ ಅಂದರೂ ಹತ್ತು ಭಾಷೆ ಮಾತಾಡುವುದಲ್ಲ. ಧ್ವನಿ, ಪದರಚನೆ, ವಾಕ್ಯರಚನೆ, ಅರ್ಥ, ಊರು ಜಾತಿ ವಯಸ್ಸಿಗೆ ತಕ್ಕಂತೆ ಮಾತು ಬದಲಾಗುವ ಬಗೆ, ಇವೆಲ್ಲ ಒಂದೊಂದು ಪೇಪರು. ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ‘ತ’ಕ್ಕೂ ‘ಟ’ಕ್ಕೂ ಇರುವ ವ್ಯತ್ಯಾಸವನ್ನು ಗೆರೆಯಲ್ಲೇ ತೋರಿಸಬಹುದು. ಪುಟ್ಟಿಗೆ ಗಣಿತ ಆಗಲ್ಲ ಅಂತ ಹೆದರಬೇಡಿ. ಬೇಕಾದ್ದು ತಾಳ್ಮೆ.

ಎರಡನ್ನೂ ಒಟ್ಟಿಗೆ ಓದುವುದು ಹುಚ್ಚಾಟ ಅನ್ನಿಸುತ್ತದೆ, ಗೊತ್ತು. ಸಿನಿಮಾವನ್ನು ಭಾಷೆ ಅನ್ನಬಹುದಾ ಅಂತ ಫ್ರಾನ್ಸಿನ ಕ್ರಿಸ್ತಿಯಾನ್ ಮೆಟ್ಜ್ 1964ರಲ್ಲೇ ಕೇಳಿದ್ದರು. ಅವರ ಪ್ರಕಾರ ಶಾಟ್ ಪದದ ಹಾಗಲ್ಲ, ವಾಕ್ಯದ ಹಾಗೆ. ಆದ್ದರಿಂದ ಶಾಟುಗಳಿಗೆ ನಿಘಂಟು ಮಾಡಲಾಗದು. ಆ ಸಿದ್ಧಾಂತ ಪರೀಕ್ಷೆಗೆ ಸಾಕು. ನಿಜವಾದ ಮಜಾ ಇರುವುದು ಸಬ್‌ಟೈಟಲ್ ಮತ್ತು ಡಬ್ಬಿಂಗಿನಲ್ಲಿ. ಹೊಟ್ಟೆಪಾಡು ಇರುವುದೂ ಅಲ್ಲೇ.

ಒಂದು ಉದಾಹರಣೆ. ‘ದುಡ್ಡು ನಾನೇ ತಗೊಂಡೆ ಅಂತ ಯಾರಿಗೂ...’ ಅಂತ ಪಾತ್ರ ನಿಲ್ಲಿಸಿ, ಎರಡು ಸೆಕೆಂಡ್ ಬಿಟ್ಟು ‘ಹೇಳಿಲ್ಲ’ ಅನ್ನುತ್ತದೆ ಅನ್ನಿ. ಕನ್ನಡದಲ್ಲಿ ಕ್ರಿಯಾಪದವೂ ‘ಇಲ್ಲ’ವೂ ಕೊನೆಗೆ ಬರುತ್ತವೆ, ಇಂಗ್ಲಿಷಿನಲ್ಲಿ ಮೊದಲೇ ಬಂದುಬಿಡುತ್ತವೆ. ಇಡೀ ವಾಕ್ಯವನ್ನು ಒಂದೇ ಸಬ್‌ಟೈಟಲಿಗೆ ಹಾಕಿದರೆ ನಟ ಬಾಯಿ ಬಿಡುವ ಮೊದಲೇ ಥಿಯೇಟರಿಗೆ ಗುಟ್ಟು ಗೊತ್ತಾಗುತ್ತದೆ. ಅದನ್ನು ಒಡೆದು, ಇಂಗ್ಲಿಷಿನ ಪದಕ್ರಮ ತಿರುಚಿ ಕೂರಿಸಬೇಕು. ‘ನೀನು’ ಅನ್ನುತ್ತಿದ್ದ ಸೊಸೆ ಸಿಟ್ಟಿನಲ್ಲಿ ‘ನೀವು’ ಅಂದರೆ ಇಂಗ್ಲಿಷಿಗೆ ಎರಡೂ ಒಂದೇ. ಆ ಸಿಟ್ಟನ್ನು ಬೇರೆ ಪದದಲ್ಲಿ ತರಬೇಕು. ಅಳತೆಯೂ ಇದೆ: ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಎರಡೇ ಸಾಲು, ಸಾಲಿಗೆ 42 ಅಕ್ಷರ, 7 ಸೆಕೆಂಡ್ ಮೀರುವಂತಿಲ್ಲ. ಕನ್ನಡಕ್ಕೆ ಈ ಎಣಿಕೆಯೇ ತಲೆನೋವು. ‘ಸ್ತ್ರೀ’ ನಮಗೆ ಒಂದಕ್ಷರ, ಒತ್ತು ದೀರ್ಘ ಎಲ್ಲ ಬೇರೆ ಬೇರೆ ಎಣಿಸುವ ಕಂಪ್ಯೂಟರಿಗೆ ಆರು.

ಡಬ್ಬಿಂಗಿನಲ್ಲಿ ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಕ್ಲೋಸಪ್ಪಿನಲ್ಲಿ ತುಟಿ ಮುಚ್ಚಿದ ಕಡೆ ‘ಕ’ ಕೂರಿಸಿದರೆ ಪ್ರೇಕ್ಷಕನಿಗೆ ಏನೋ ಕಸಿವಿಸಿ, ಯಾಕೆ ಅಂತ ಹೇಳಲಾರ. ದೂರದ ಶಾಟ್ ಆದರೆ ಏನು ಹಾಕಿದರೂ ನಡೆಯುತ್ತದೆ. ಧ್ವನಿಶಾಸ್ತ್ರ ಗೊತ್ತಿದ್ದು ಶಾಟಿನ ಅಳತೆ ಗೊತ್ತಿಲ್ಲದವನು, ಶಾಟ್ ಗೊತ್ತಿದ್ದು ಧ್ವನಿ ಗೊತ್ತಿಲ್ಲದವನು, ಇಬ್ಬರೂ ಇಲ್ಲಿ ಅರ್ಧಂಬರ್ಧ. ಮಾವನಿಗೆ ಇದನ್ನೇ ಹೇಳಿ. ಕೆಲಸದ ವಿಷಯಕ್ಕೆ, ಕಿವಿ ಕೇಳದವರಿಗೆ ಕ್ಯಾಪ್ಶನ್, ಕಣ್ಣು ಕಾಣದವರಿಗೆ ದೃಶ್ಯವಿವರಣೆ ಒದಗಿಸಬೇಕು ಅಂತ ಕೇಂದ್ರ ಸರ್ಕಾರ ಮಾರ್ಚ್ 2024ರಲ್ಲಿ ಚಿತ್ರಮಂದಿರದ ಸಿನಿಮಾಗಳಿಗೆ ಮಾರ್ಗಸೂಚಿ ತಂದಿದೆ. ಕನ್ನಡದಲ್ಲಿ ಅದನ್ನು ನೆಟ್ಟಗೆ ಬರೆಯಬಲ್ಲವರು ಬೇಕೇ ಬೇಕು. ಅದು ಬೇಡ ಅಂದರೆ ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಕನ್ನಡದ ಮಾತು ಕಲಿಸುವ ಕೆಲಸ ಇದೆ.

ಇಲ್ಲಿಯ ಒಂದು ತಮಾಷೆ: ಸ್ಕಾಟ್ಲೆಂಡಿನ ಹಳೇ ವಿಶ್ವವಿದ್ಯಾಲಯಗಳಲ್ಲಿ ಕಲಾ ವಿಭಾಗದ ಮೊದಲ ಪದವಿಗೇ ಎಂ.ಎ. ಅನ್ನುತ್ತಾರೆ. ಪುಟ್ಟಿ ಇಪ್ಪತ್ತೆರಡಕ್ಕೆ ಎಂ.ಎ. ಆದಳು ಅಂತ ಮಾವ ಊರಿಗೆಲ್ಲ ಸಾರಬಹುದು, ಆದರೆ ಊರಿನ ಲೆಕ್ಕದಲ್ಲಿ ಅದು ಬಿ.ಎ.ನೇ. ನಾಲ್ಕು ವರ್ಷ, ವರ್ಷಕ್ಕೆ 120 ಕ್ರೆಡಿಟ್. ಮೊದಲೆರಡು ವರ್ಷ ಸಾಮಾನ್ಯವಾಗಿ ಮೂರನೇ ವಿಷಯವೂ ಇರುತ್ತದೆ, ಆಮೇಲೆ ಬಿಡಬಹುದು. ಒಂದರಲ್ಲಿ ಮನಸ್ಸು ಹೊರಟುಹೋದರೆ ದಾರಿ ತೆರೆದಿರುತ್ತದೆ. ಕಷ್ಟ ಇರುವುದು ಬೇರೆ ಕಡೆ. ಎರಡು ವಿಭಾಗಕ್ಕೂ ಇವಳು ಪಕ್ಕದ ಮನೆ ಮಗು: ಪ್ರದರ್ಶನವೂ ಧ್ವನಿಶಾಸ್ತ್ರದ ಟ್ಯುಟೋರಿಯಲ್ಲೂ ಒಂದೇ ಹೊತ್ತಿಗೆ ಬೀಳುತ್ತವೆ, ಎರಡೂ ಕಡೆ ಪ್ರಬಂಧದ ಗಡುವು ಒಂದೇ ವಾರ. ಮೂರನೇ ವರ್ಷಕ್ಕೆ ಜೋಡಿ ಆನರ್ಸ್, ಅಂದರೆ ಎರಡೂ ವಿಷಯ ಸೇರಿದ ಪದವಿ, ಬೇಕಾದರೆ ಎರಡರಲ್ಲೂ ನಿಗದಿತ ಗ್ರೇಡ್ ಬೇಕು, ಒಂದರಲ್ಲಿ ಹೋದರೂ ಜೋಡಿ ಒಡೆಯುತ್ತದೆ.

ಇಲ್ಲಿಯ ವಿಶ್ವವಿದ್ಯಾಲಯಗಳಿಗೆಲ್ಲ ಒಟ್ಟಿಗೆ ಹಾಕುವ ಯುಕಾಸ್ ಅರ್ಜಿಯಲ್ಲಿ ಐದು ಕೋರ್ಸ್ ಆರಿಸಬಹುದು, ಆದರೆ ಐದಕ್ಕೂ ಒಂದೇ ಸ್ವವಿವರ, ಅಂದರೆ ಈ ವಿಷಯ ಯಾಕೆ ಬೇಕು ಅಂತ ತಾನೇ ಬರೆಯುವ ಬರಹ. ನಾಲ್ಕು ಕಡೆ ಸೈಕಾಲಜಿ, ಒಂದು ಕಡೆ ಇದು ಅಂತ ಹಾಕಿದರೆ ಯಾರಿಗೂ ಒಪ್ಪಿಗೆಯಾಗಲ್ಲ.

ಈಗ ದುಡ್ಡು. ವೀಸಾದವರಿಗೆ ಸೈಟಿನ ಪತ್ರ ಲೆಕ್ಕಕ್ಕಿಲ್ಲ, ಕೈಗೆ ಸಿಗುವ ಹಣ ತೋರಿಸಬೇಕು. ಲಂಡನ್ನಿನ ಹೊರಗೆ ಖರ್ಚಿಗೆ ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳದ್ದು, ಅಂದರೆ 10,539 ಪೌಂಡ್, ಅದರ ಮೇಲೆ ಮೊದಲ ವರ್ಷದ ಬಾಕಿ ಫೀಸು. ಬ್ಯಾಂಕಿನಲ್ಲಿಟ್ಟರೆ 28 ದಿನ ಒಂದೇ ಸಮ ನಿಲ್ಲಬೇಕು. ನಡುವೆ ಒಂದು ದಿನ ಕಮ್ಮಿಯಾದರೂ ಅರ್ಜಿ ಹೋಯಿತು. ಎಜುಕೇಶನ್ ಲೋನ್ ಆದರೆ ಈ 28 ದಿನದ ಕಾಟ ಇಲ್ಲ. ಅದರಿಂದ ಕಳಿಸಿದ ಹಣಕ್ಕೆ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಹಿಡಿಯುವ ತೆರಿಗೆ) ಕೂಡ ಹಿಡಿಯಲ್ಲ. ಹಾಗಾಗಿ ಸೈಟನ್ನು ಬ್ಯಾಂಕಿಗೆ ಅಡಮಾನ ಇಡಿ, ಮಾರಬೇಡಿ. ನಮ್ಮದು ಪಾಲಿಕೆಯಲ್ಲಿ ಕ್ರಮಬದ್ಧವಾಗಿ ದಾಖಲಾದ ಎ ಖಾತಾ ಅಲ್ಲವಾ, ಅದರ ಆನ್‌ಲೈನ್ ದಾಖಲೆ ಇ-ಖಾತಾ ಮಾತ್ರ ಈಗಲೇ ಮಾಡಿಸಿಡಿ. ಬಿ ಖಾತಾ ಆಗಿದ್ದರೆ ಬ್ಯಾಂಕಿನವರು ಮುಖ ತಿರುಗಿಸುತ್ತಿದ್ದರು. ಎಲ್ಲರೂ ಮರೆಯುವುದು ಆರೋಗ್ಯ ಶುಲ್ಕ: ವರ್ಷಕ್ಕೆ 776 ಪೌಂಡ್, ವೀಸಾ ಅವಧಿಗೆಲ್ಲ ಒಂದೇ ಸಲ ಕಟ್ಟಬೇಕು. ವೀಸಾ ಕೋರ್ಸಿಗಿಂತ ಕೆಲವು ತಿಂಗಳು ಹೆಚ್ಚಿರುವುದರಿಂದ ನಾಲ್ಕು ವರ್ಷದ ಕೋರ್ಸಿಗೆ ಸುಮಾರು ಮೂರೂವರೆ ಸಾವಿರ ಪೌಂಡ್ ಆಗುತ್ತದೆ. ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅದು ಕೈಖರ್ಚಿಗೆ ಸರಿ, ಅದರಿಂದ ಫೀಸು ಕಟ್ಟುತ್ತೇನೆ ಅಂದರೆ ಪುಟ್ಟಿಯನ್ನು ನಂಬಬೇಡಿ. ಮುಗಿದ ಮೇಲೆ ಕೆಲಸ ಹುಡುಕುವ ವೀಸಾ 1 ಜನವರಿ 2027ರಿಂದ 18 ತಿಂಗಳಿಗೆ ಇಳಿಯುತ್ತದೆ, ಎರಡು ವರ್ಷ ಅಂತ ಏಜೆಂಟ್ ಹೇಳಿದರೆ ಹಳೇ ಲೆಕ್ಕ.

ಸಾಲಕ್ಕೆ ಕೈ ಹಾಕುವ ಮುಂಚೆ ಅವಳಿಗೊಂದು ಪರೀಕ್ಷೆ ಕೊಡಿ, ಖರ್ಚಿಲ್ಲದ್ದು. ಯಾವುದಾದರೂ ಕನ್ನಡ ಸಿನಿಮಾದ ಎರಡು ನಿಮಿಷದ ಜಗಳದ ದೃಶ್ಯ ತಗೊಳ್ಳಲಿ. ಎಲಾನ್ ಅನ್ನುವ ಉಚಿತ ಸಾಫ್ಟ್‌ವೇರಿಗೆ ಹಾಕಿ ಒಂದು ಪಟ್ಟಿಯಲ್ಲಿ ಮಾತು ಕೇಳಿಸಿದ ಹಾಗೇ, ಇನ್ನೊಂದರಲ್ಲಿ ಶಾಟ್, ಮೂರನೆಯದರಲ್ಲಿ ಇಂಗ್ಲಿಷ್ ಬರೆಯಲಿ. ‘ಮಾಡ್ತೀನಿ’ ಅಂದದ್ದನ್ನು ‘ಮಾಡುತ್ತೇನೆ’ ಅಂತ ತಿದ್ದಬಾರದು, ಮೊದಲ ಸಲ ಎಲ್ಲರೂ ತಪ್ಪುವುದು ಅಲ್ಲೇ. ಒಂದು ನಿಮಿಷಕ್ಕೆ ಒಂದು ಗಂಟೆ ಹಿಡಿಯಬಹುದು. ಸಬ್‌ಟೈಟಲ್ ಕಡತದ ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತದೆ ಅನ್ನುವುದು) ನೋಡಿಕೊಳ್ಳಲಿ, 24ರ ಚಿತ್ರಕ್ಕೆ 25ರ ಕಡತ ಹಾಕಿದರೆ ಒಂದು ಗಂಟೆಯಾಗುವಷ್ಟರಲ್ಲಿ ಎರಡೂವರೆ ನಿಮಿಷದಷ್ಟು ತಪ್ಪುತ್ತದೆ. ಮೂರು ದೃಶ್ಯ ಮುಗಿಸಿ ನಾಲ್ಕನೆಯದನ್ನು ತಾನೇ ಕೇಳಿದರೆ ಬ್ಯಾಂಕಿಗೆ ಹೋಗಿ. ಮೊದಲನೆಯದಕ್ಕೇ ಆಕಳಿಸಿದರೆ ಮಾವ ಗೆದ್ದರು, ಬಿ.ಕಾಂ. ಆಗಲಿ.

ಮದುವೆ ಕಷ್ಟ ಆಗುತ್ತೆ ಅಂತ ಅಮ್ಮ ಅಂದಳಂತೆ. ಹಾಗೇನಿಲ್ಲ, ಏನೂ ಆಗಲ್ಲ, ಅವಳಿಗಿನ್ನೂ ಹದಿನೇಳು. ಚಳಿ, ಊಟ, ಒಬ್ಬಳೇ ಓಡಾಡುವುದು, ಯಾವುದಕ್ಕೂ ಯೋಚನೆ ಬೇಡ, ನಾನಿದ್ದೇನಲ್ಲ. ಅಮ್ಮ ಬಿ.ಪಿ. ಮಾತ್ರೆ ತಪ್ಪಿಸದಿರಲಿ.

ನಾಳೆ ಬೆಳಗ್ಗೆ ಒಂಬತ್ತಕ್ಕೆ ಕ್ಲಾಸಿದೆ, ನಿಲ್ಲಿಸುತ್ತೇನೆ. ಬ್ರೋಕರ್‌ಗೆ ಫೋನ್ ಮಾಡಿ ಹೇಳಿಬಿಡಿ, ಮರೀಬೇಡಿ.

ನಿಮ್ಮ ಮಗಳು