ದೋಸ್ತನಿಗೊಂದು ಪತ್ರ: ಆ ತಿಂಗಳ ಚಂದಾ ಕಟ್ಟಬೇಕಾ?

ಕೊಪ್ಪಳ,
ಭಾನುವಾರ ರಾತ್ರಿ

ಪ್ರೀತಿಯ ದೋಸ್ತ,

ನಿನ್ನ ಮೆಸೇಜಿಗೆ ಎರಡು ಸಾಲಿನಲ್ಲಿ ಉತ್ತರ ಬರೆದು ಕಳಿಸೋಣ ಅಂತ ಕುಳಿತೆ. ಆಗಲಿಲ್ಲ. ಅದಕ್ಕೇ ಪತ್ರ. ರಾಯಚೂರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಡಿ ಅಂಡ್ ಡಿ ಆಡಲು ಹೊಸ ಗುಂಪು ಕಟ್ಟಿದ್ದೀಯ, ಕಥೆ ನಡೆಸುವ ಡಿಎಂ ನೀನೇ. ಇಬ್ಬರು ನಿನ್ನ ಆಫೀಸಿನವರು, ಒಬ್ಬ ಬೆಂಗಳೂರು, ಒಬ್ಬ ಪುಣೆ. "ಈ ಆಟದ ಆ್ಯಪುಗಳಿಗೆ ತಿಂಗಳಾ ತಿಂಗಳಾ ಕಟ್ಟಬೇಕಾ, ಇಲ್ಲಾ ಸುಮ್ನೆ ದಂಡವಾ?" ಅಂತ ಕೇಳಿದ್ದೀಯ. ಸರಿಯಾದ ಗಿರಾಕಿಯನ್ನೇ ಹಿಡಿದೆ. ನಾನು ಎರಡು ವರ್ಷ ತಪ್ಪದೇ ಕಟ್ಟಿದವನು, ಆಮೇಲೆ ಸಿಟ್ಟಿನಿಂದ ನಿಲ್ಲಿಸಿದವನು, ಈಗ ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಕಟ್ಟುವವನು.

ಈ ಪತ್ರ ಬೇರೆಯವರೂ ಓದಲಿ ಅಂತ ಹಾಕುತ್ತಿದ್ದೇನೆ. ಹಾಗಾಗಿ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಒಬ್ಬ ಕಥೆ ನಡೆಸುತ್ತಾನೆ, ಅವನೇ ಡಿಎಂ. ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಬಯಲಾಟದಲ್ಲಿ ಮಾತು ಬಾಯಿಪಾಠ ಇರುತ್ತದೆ, ಇಲ್ಲಿ ಇರುವುದಿಲ್ಲ. ಅಷ್ಟೇ ವ್ಯತ್ಯಾಸ.

ಈಗ ದುಡ್ಡಿನ ವಿಷಯ. ನಾನು ಮೊದಲು ಮೋಸ ಹೋಗಿದ್ದು ನನ್ನ ದಡ್ಡತನದಿಂದಲೇ. ಡಿ ಅಂಡ್ ಡಿ ಬಿಯಾಂಡ್ ಅಂತ ಆಟದ ಕಂಪನಿಯದೇ ಆ್ಯಪು ಇದೆ, ಅದಕ್ಕೆ ಚಂದಾ ಕಟ್ಟಿದರೆ ಆಟದ ನಿಯಮದ ಪುಸ್ತಕಗಳೆಲ್ಲ ಬರುತ್ತವೆ ಅಂದುಕೊಂಡಿದ್ದೆ. ಬರುವುದಿಲ್ಲ ಮಾರಾಯಾ. ಪುಸ್ತಕ ಬೇರೆ, ಚಂದಾ ಬೇರೆ. ಲೈಬ್ರರಿಗೆ ಮೆಂಬರ್ ಆಗು, ಆದರೆ ಪುಸ್ತಕ ನೀನೇ ಕೊಂಡು ತಂದು ಕಪಾಟಿನಲ್ಲಿಡು ಅಂದ ಹಾಗೆ. ನಾನು ಕಟ್ಟುವಾಗ ಹೀರೋ ಅನ್ನುವ ಪ್ಲಾನ್ ತಿಂಗಳಿಗೆ 2.99 ಡಾಲರ್, ಮಾಸ್ಟರ್ ಅನ್ನುವುದು 5.99. ನಮ್ಮ ಲೆಕ್ಕಕ್ಕೆ ಸುಮಾರು 250 ಮತ್ತು 500 ರೂಪಾಯಿ. ಬಿಟ್ಟಿ ಅಕೌಂಟಿನಲ್ಲಿ ಆರು ಪಾತ್ರ ಮಾಡಿಕೊಳ್ಳಬಹುದು. ಹೀರೋದಲ್ಲಿ ಎಷ್ಟು ಬೇಕಾದರೂ. ಮಾಸ್ಟರ್ ತಗೊಂಡರೆ ನೀನು ಕೊಂಡ ಪುಸ್ತಕವನ್ನು ನಿನ್ನ ಗುಂಪಿನವರೆಲ್ಲ ತೆರೆದು ನೋಡಬಹುದು. ಹಾಗಾಗಿ ಐದು ಜನ ಐದು ಚಂದಾ ಕಟ್ಟುವುದು ಶುದ್ಧ ಹುಚ್ಚುತನ. ಕಟ್ಟುವುದಾದರೆ ಡಿಎಂ ಒಬ್ಬನೇ ಕಟ್ಟಬೇಕು, ಉಳಿದವರು ಅವನಿಗೆ ಮಿರ್ಚಿ ಒಗ್ಗರಣೆ ಕೊಡಿಸಬೇಕು. ನಮ್ಮಲ್ಲಿ ಇದೇ ಪದ್ಧತಿ.

ಆದರೆ ಒಂದೇ ಕೋಣೆಯಲ್ಲಿ ಕುಳಿತು ಆಡುವವರಿಗೆ ಈ ಆ್ಯಪು ಬೇಕಾ? ಹೋದ ಬೇಸಿಗೆಯ ಒಂದು ಭಾನುವಾರ ಹೇಳುತ್ತೇನೆ ಕೇಳು.

ನಮ್ಮ ಮಾಳಿಗೆ ಕೋಣೆ ನಿನಗೆ ಗೊತ್ತಲ್ವಾ, ಮಧ್ಯಾಹ್ನ ಮೂರಕ್ಕೆ ಒಳಗೆ ಕಾಲಿಟ್ಟರೆ ರೊಟ್ಟಿ ಹಂಚಿನ ಮೇಲೆ ನಿಂತ ಹಾಗೆ. ಹಿರೇಬೆಣಕಲ್ಲಿನ ಮೊರೇರ ಗುಡ್ಡದ ಕಥೆ ನಡೆಸುತ್ತಿದ್ದೆ. ಮೂರು ಕಡೆ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಆ ನೂರಾರು ಕಲ್ಲುಮನೆಗಳು ಇವೆಯಲ್ಲ, ಕುಳ್ಳ ಜನ ಕಟ್ಟಿದ್ದು ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅವೇ. ಕುಳ್ಳರು ಅಂದ ಮೇಲೆ ನಮ್ಮ ಆಟಕ್ಕೆ ಇನ್ನೇನು ಬೇಕು? ಅಲ್ಲಿ ಬಂಡೆಯ ಮೇಲೊಂದು ಕಲ್ಲಿನ ನಗಾರಿ ಇದೆ, ಬಡಿದರೆ ಗುಡ್ಡಕ್ಕೆಲ್ಲ ಕೇಳುತ್ತದೆ. ಯಾರೂ ಅದನ್ನು ಬಡಿಯದ ಹಾಗೆ ಕಾವಲುಗಾರರ ಕಣ್ಣು ತಪ್ಪಿಸಿ ದಾಟಬೇಕು. ಅದು ಅವತ್ತಿನ ಆಟ.

ನಡುವೆ ಕರೆಂಟು ಹೋಯಿತು. ಅದರ ಹಿಂದೆಯೇ ನೆಟ್ಟೂ ಹೋಯಿತು. ಮೂವರ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ಲೆಕ್ಕದ ಹಾಳೆ, ಮೊಬೈಲಿನಲ್ಲಿ. ಸ್ಕ್ರೀನಿನ ಮೇಲೆ ಆ ಚಕ್ರ ತಿರುಗುತ್ತಲೇ ಇದೆ. ಅಕ್ಕನ ಮಗಳು ರೋಗ್ ಆಡುತ್ತಾಳೆ, ಅಂದರೆ ಕಳ್ಳಿ. ಸದ್ದಿಲ್ಲದೆ ನುಸುಳಲು, ಅಂದರೆ ಸ್ಟೆಲ್ತಿಗೆ, ದಾಳ ಎಸೆದಳು, 13 ಬಿತ್ತು. "ಮಾಮಾ, ಸ್ಟೆಲ್ತಿಗೆ ಎಷ್ಟು ಕೂಡಿಸಬೇಕು?" ಅಂದಳು. ಒಂದು ವರ್ಷದಿಂದ ಆಡುತ್ತಿದ್ದಾಳೆ! ಅವಳಿಗೆ ಗೊತ್ತೇ ಇಲ್ಲ. ಬಟನ್ ಒತ್ತಿದರೆ ಉತ್ತರ ಬರುತ್ತಿತ್ತು, ಅಷ್ಟೇ. ಪಕ್ಕದಲ್ಲಿ ಕಿರಾಣಿ ಅಂಗಡಿ ಹುಡುಗ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು ಆಡುವವನು. ಅವನಿಗೆ ತನ್ನ ಲೆಕ್ಕವೂ ಗೊತ್ತು, ಅವಳ ಲೆಕ್ಕವೂ ಗೊತ್ತು. "ಡೆಕ್ಸ್‌ಟೆರಿಟಿ, ಅಂದರೆ ಚುರುಕಿಗೆ 3. ಪ್ರೊಫಿಶಿಯೆನ್ಸಿ, ಅಂದರೆ ಪಳಗಿದ್ದಕ್ಕೆ 2, ನೀನು ಕಳ್ಳಿ ಅಲ್ವಾ, ಸ್ಟೆಲ್ತಿಗೆ ಅದು ಡಬಲ್, 4 ಆಯಿತು. ಒಟ್ಟು 7" ಅಂದ. 13ಕ್ಕೆ 7, ಇಪ್ಪತ್ತು. ಹುಡುಗಿ ದಾಟಿಬಿಟ್ಟಳು. ಅವತ್ತು ಕ್ಯಾಲೆಂಡರಿನ ಹಿಂಬದಿಗೆ ಅವಳು ಕೈಯಾರೆ ಬರೆದುಕೊಂಡ ಶೀಟೇ ಈಗಲೂ ನಡೆಯುತ್ತಿದೆ.

ಆ್ಯಪು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸಬರು ಪಾತ್ರ ಮಾಡುವಾಗ ಅದು ಒಂದೊಂದೇ ಪ್ರಶ್ನೆ ಕೇಳಿ ಕೈಹಿಡಿದು ನಡೆಸುತ್ತದೆ. ಕಾಗದದಲ್ಲಿ ಸಂಜೆಯಿಡೀ ಹಿಡಿಯುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆ ಅನುಕೂಲ ಬಿಟ್ಟಿ ಅಕೌಂಟಿನಲ್ಲೂ ಇದೆ. ಪಿಡಿಎಫ್ ತೆಗೆದು ಪ್ರಿಂಟ್ ಹಾಕಿಸಿಬಿಡು. ಲೆಕ್ಕ ಬಾಯಿಗೆ ಬರುವವರೆಗಾದರೂ ಕಾಗದ ಇರಲಿ.

ನಿಯಮಗಳಿಗೂ ಈಗ ದುಡ್ಡು ಕೊಡಬೇಕಾಗಿಲ್ಲ. ಇದಕ್ಕೊಂದು ಮಜಾ ಕಥೆ ಇದೆ. 2023ರ ಜನವರಿಯಲ್ಲಿ ಆಟದ ಒಡೆಯ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ, ಆಟದ ನಿಯಮ ಬಳಸಲು ಬೇರೆಯವರಿಗೆ ಕೊಟ್ಟಿದ್ದ ತನ್ನ ಹಳೇ ಲೈಸೆನ್ಸ್ ಬಿಗಿ ಮಾಡಲು ಹೊರಟ ಕರಡು ಹೊರಗೆ ಸೋರಿತು. ಆಟಗಾರರು ಬೈದು ಸುಮ್ಮನಾಗಲಿಲ್ಲ, ಡಿ ಅಂಡ್ ಡಿ ಬಿಯಾಂಡ್ ಚಂದಾವನ್ನೇ ಸಾಲುಸಾಲಾಗಿ ನಿಲ್ಲಿಸಿದರು. ತಿಂಗಳು ಮುಗಿಯುವುದರೊಳಗೆ ಕಂಪನಿ ಬಗ್ಗಿತು. ಆಟದ ಮೂಲ ನಿಯಮಗಳ ಸುಮಾರು 400 ಪುಟವನ್ನು ಕ್ರಿಯೇಟಿವ್ ಕಾಮನ್ಸ್‌ಗೆ, ಅಂದರೆ ಯಾರು ಬೇಕಾದರೂ ಬಳಸುವ ಲೈಸೆನ್ಸಿಗೆ, ಬಿಟ್ಟುಕೊಟ್ಟಿತು. ಇನ್ನು ಅದನ್ನು ವಾಪಸ್ ಕಿತ್ತುಕೊಳ್ಳಲು ಬರುವುದಿಲ್ಲ. ನಾನು ಅದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಹೀರೋ ಪ್ಲಾನಿನ ಎರಡು ತಿಂಗಳ ಚಂದಾದಷ್ಟು ಖರ್ಚಾಯಿತು. ಅಂಗಡಿಯವನು "ಯಾವ ಎಕ್ಸಾಮ್ ಸರ್ ಇದು?" ಅಂದ. ಕೆಎಎಸ್ ಅಂದೆ.

ಬಾಡಿಗೆ ಸಾಮಾನು ಎಷ್ಟು ದಿನ ಅನ್ನುವುದೂ ತಲೆಯಲ್ಲಿರಲಿ. 2008ರಲ್ಲಿ ಆಟದ ನಾಲ್ಕನೇ ಆವೃತ್ತಿ ಬಂದಾಗ ಡಿ ಅಂಡ್ ಡಿ ಇನ್‌ಸೈಡರ್ ಅಂತ ಇದೇ ತರಹದ ಚಂದಾ ಇತ್ತು. ಪಾತ್ರ ಮಾಡುವ ಸಾಧನ ಮೊದಲು ನಮ್ಮ ಕಂಪ್ಯೂಟರಿಗೇ ಇಳಿಯುತ್ತಿತ್ತು, ಆಮೇಲೆ ಅದನ್ನು ಆನ್‌ಲೈನ್ ಮಾಡಿದರು. 2020 ಶುರುವಾಗುತ್ತಲೇ ಅಂಗಡಿ ಮುಚ್ಚಿತು. ವರ್ಷಗಟ್ಟಲೆ ಕಟ್ಟಿದವರಿಗೂ ಬಾಗಿಲು ಬಂದ್. ಅದೇ 2008ರ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಇವತ್ತೂ ತೆಗೆದು ಆಡಬಹುದು.

ಇನ್ನು ದುಡ್ಡು ಕಟ್ಟುವ ಪಜೀತಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬದಲಾಯಿತು, ಕಾರ್ಡಿನಿಂದ ತಿಂಗಳಾ ತಿಂಗಳಾ ತಾನಾಗಿ ದುಡ್ಡು ಹೋಗಬೇಕಾದರೆ ನಾವು ಮೊದಲೇ ಒಪ್ಪಿಗೆ ಕೊಟ್ಟು ನೋಂದಾಯಿಸಬೇಕು. ಆ ವ್ಯವಸ್ಥೆಗೆ ಹೊಂದಿಕೊಳ್ಳದ ಹೊರದೇಶದ ಸೈಟಿಗೆ ನಮ್ಮ ಡೆಬಿಟ್ ಕಾರ್ಡಿನಿಂದ ದುಡ್ಡು ಹೋಗುವುದೇ ಇಲ್ಲ. ನನ್ನದು ಎರಡು ಸಲ ಹೀಗೇ ನಿಂತಿತು. ಮೊದಲ ಸಲ ಬ್ಯಾಂಕಿಗೆ ಅಲೆದೆ, ಕೌಂಟರಿನವರಿಗೆ ಡ್ರ್ಯಾಗನ್ ಅಂದರೆ ಏನು ಅಂತ ತಿಳಿಸುವಷ್ಟರಲ್ಲಿ ಊಟದ ಟೈಮ್ ಆಯಿತು. ಎರಡನೇ ಸಲ ಸುಮ್ಮನಿದ್ದೆ. ಆ ತಿಂಗಳು ನಾವು ಆಡಿದ್ದೇ ಒಂದು ಭಾನುವಾರ ಅಂತ ಆಗ ಹೊಳೆಯಿತು. ಅಂದಿನಿಂದ ಆಡುವ ತಿಂಗಳು ಮಾತ್ರ ಕಟ್ಟುತ್ತೇನೆ. ಡಾಲರಿನ ಮೇಲೆ ಬ್ಯಾಂಕು ಹಾಕುವ ಚಾರ್ಜನ್ನೂ ಲೆಕ್ಕಕ್ಕೆ ಹಿಡಿ.

ನಿನ್ನ ಕಥೆ ಬೇರೆ ಅಂತ ಗೊತ್ತು. ನಾವು ಫರ್ಸಿ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಚೌಕ ಬರೆದು, ಕಿನ್ನಾಳದ ಮರದ ಗೊಂಬೆ ಇಟ್ಟು ಆಡುತ್ತೇವೆ. ನಮ್ಮ ಡ್ರ್ಯಾಗನ್ ಪಾತ್ರವನ್ನು ಸದ್ಯಕ್ಕೆ ಒಂದು ಆನೆ ವಹಿಸಿಕೊಂಡಿದೆ, ಯಾರೂ ತಕರಾರು ಮಾಡಿಲ್ಲ. ನಿನಗೆ ಪುಣೆಯವನಿಗೂ ಅದೇ ನಕ್ಷೆ ಕಾಣಬೇಕು. ಅಲ್ಲಿ ಸಾಧನ ಬೇಕೇ ಬೇಕು, ನಾನೂ ಒಪ್ಪುತ್ತೇನೆ.

ರೋಲ್20 ಇದೆ, 2012ರಿಂದ ನಡೆಯುತ್ತಿದೆ, ಬ್ರೌಸರಿನಲ್ಲೇ ತೆರೆಯುತ್ತದೆ. ನಕ್ಷೆ, ದಾಳ, ಗೊಂಬೆ ಎಲ್ಲ ಬಿಟ್ಟಿ ಅಕೌಂಟಿನಲ್ಲೇ ಸಿಗುತ್ತವೆ. ನಾನು ಬಳಸುವಾಗ ದುಡ್ಡು ಕೇಳುತ್ತಿದ್ದದ್ದು ಕತ್ತಲೆ ಬೆಳಕಿನ ಆಟಕ್ಕೆ, ಅಂದರೆ ನಿನ್ನ ಪಾತ್ರದ ಪಂಜಿನ ಬೆಳಕು ಎಲ್ಲಿವರೆಗೆ ಹೋಗುತ್ತದೋ ಅಷ್ಟೇ ನಕ್ಷೆ ಕಾಣುವ ಹಾಗೆ ಮಾಡುವುದಕ್ಕೆ. ಚೆನ್ನಾಗಿರುತ್ತದೆ, ಸುಳ್ಳು ಹೇಳಲ್ಲ. ಆದರೆ ಒಂದೊಂದು ಗೋಡೆಗೂ ನೀನೇ ಕುಳಿತು ಗೆರೆ ಎಳೆಯಬೇಕು. ಒಂದು ಗುಹೆಗೆ ನನಗೆ ಎರಡು ರಾತ್ರಿ ಹಿಡಿಯಿತು. ನಮ್ಮವರು ಬಾಗಿಲಲ್ಲೇ ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸನ ಜೊತೆ ರಾಜಿ ಮಾಡಿಕೊಂಡು ಮನೆಗೆ ಹೋದರು. ಓಲ್‌ಬೇರ್ ರೋಡಿಯೋ ಅಂತ ಇನ್ನೊಂದಿದೆ, ಇನ್ನೂ ಹಗುರ, ಅದರಲ್ಲೂ ಬಿಟ್ಟಿ ಅಕೌಂಟಿದೆ. ಮೊಬೈಲ್ ನೆಟ್ಟಿನಲ್ಲಿ ಆಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಫೌಂಡ್ರಿ ಅನ್ನುವ ಇನ್ನೊಂದು ನಕ್ಷೆ ಸಾಧನದ ಬಗ್ಗೆ ನಿನಗೆ ಯಾರೋ ತಲೆಗೆ ತುಂಬಿದ್ದಾರೆ ಅನಿಸುತ್ತದೆ. 50 ಡಾಲರ್, ಒಂದೇ ಸಲ, ಡಿಎಂ ಒಬ್ಬ ಕೊಂಡರೆ ಸಾಕು, ಚಂದಾ ಇಲ್ಲ. ಎಲ್ಲ ನಿಜ. ನಾನೂ ಅದಕ್ಕೇ ಮರುಳಾಗಿ ಕೊಂಡೆ. ಆದರೆ ಅದು ನಿನ್ನ ಕಂಪ್ಯೂಟರಿನಲ್ಲಿ ಓಡುತ್ತದೆ, ಉಳಿದವರು ನಿನ್ನ ಮನೆ ನೆಟ್ಟಿನ ಮೂಲಕ ಒಳಗೆ ಬರಬೇಕು. ನನ್ನ ಕನೆಕ್ಷನ್ನಿನಲ್ಲಿ ಓಣಿಗೆಲ್ಲ ಸೇರಿ ಒಂದೇ ಇಂಟರ್ನೆಟ್ ವಿಳಾಸ. ಓಣಿ ಬಾಯಿಗೆ ಒಂದೇ ಪೋಸ್ಟ್ ಡಬ್ಬಿ ಇದ್ದ ಹಾಗೆ, ಯಾರ ಮನೆ ಕಾಗದ ಯಾವುದು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಬೆಂಗಳೂರಿನ ಗೆಳೆಯ ಒಂದು ಗಂಟೆ ಬಾಗಿಲು ಬಡಿದು ಮಲಗಲು ಹೋದ. ನೆಟ್ಟಿನ ಕಂಪನಿಯವರಿಗೆ ಫೋನ್ ಮಾಡಿದರೆ ಸ್ವಂತ ವಿಳಾಸಕ್ಕೆ ತಿಂಗಳಿಗೆ ಬೇರೆ ದುಡ್ಡು ಅಂದರು. ಬೇರೆ ಕಡೆ ಸರ್ವರ್ ಬಾಡಿಗೆಗೆ ಹಿಡಿದರೂ ತಿಂಗಳ ದುಡ್ಡೇ. ನೀನು ಕೊಳ್ಳುವ ಮೊದಲು ಅದರ ಡೆಮೋ ನೋಡು, ನಿನ್ನ ನೆಟ್ಟಿನವರಿಗೂ ಫೋನ್ ಮಾಡಿ ಕೇಳು. ಬೇರೆ ದುಡ್ಡಿಲ್ಲದೆ ಸ್ವಂತ ವಿಳಾಸ ಸಿಕ್ಕರೆ ಕಣ್ಣು ಮುಚ್ಚಿ ತಗೋ. ಎರಡು ವರ್ಷ ಆಡಿದರೂ ಚಂದಾಕ್ಕಿಂತ ಅಗ್ಗ.

ನಾನು ನಿನ್ನ ಜಾಗದಲ್ಲಿದ್ದರೆ ಮೂರು ತಿಂಗಳು ಒಂದು ಪೈಸೆ ಕಟ್ಟುತ್ತಿರಲಿಲ್ಲ. ಐದು ಜನ ಪ್ರತಿ ವಾರ ಒಂದೇ ಹೊತ್ತಿಗೆ ಸೇರುತ್ತಾರಾ, ಅದನ್ನು ಮೊದಲು ನೋಡು. ನಮ್ಮ ಹಿಂದಿನ ಗುಂಪು ಮುರಿದದ್ದು ಒಬ್ಬನ ಮದುವೆ, ಇನ್ನೊಬ್ಬನ ನೈಟ್ ಶಿಫ್ಟಿನಿಂದ. ಅದಕ್ಕೆ ಯಾವ ಪ್ಲಾನಿನಲ್ಲೂ ಔಷಧಿ ಇಲ್ಲ. ಮೂರು ತಿಂಗಳಾದ ಮೇಲೂ ಆಟ ನಡೆಯುತ್ತಿದ್ದರೆ, ಯಾವ ಕೆಲಸಕ್ಕೆ ನಿನಗೆ ಕೈಬೇಸರ ಬರುತ್ತದೆ ಅಂತ ನೋಡಿ ಅದಕ್ಕೊಂದಕ್ಕೆ ಮಾತ್ರ ಕಟ್ಟು. ನಕ್ಷೆ ಮಾಡುವುದು ನಿನಗೆ ಖುಷಿಯ ಕೆಲಸ, ಅದಕ್ಕೇಕೆ ದುಡ್ಡು? ಶೀಟ್ ತಿದ್ದುವುದು ಅಂದರೆ ನಿನಗೆ ಮೊದಲಿನಿಂದ ಆಗಿ ಬರಲ್ಲ, ಅದಕ್ಕೆ ಕಟ್ಟು.

ಗವಿಮಠದ ಜಾತ್ರೆಗೆ ಬರುತ್ತೀಯಲ್ಲ, ತೇರು ನೋಡಿ ಒಂದು ರಾತ್ರಿ ಇಲ್ಲೇ ಇರು. ನಿನ್ನ ಹಳೇ ವಿಝರ್ಡ್, ಅಂದರೆ ಮಂತ್ರವಾದಿಯ ಶೀಟು ನನ್ನ ಫೈಲಿನಲ್ಲೇ ಇದೆ. ಮಿರ್ಚಿ ಎಣ್ಣೆ ಬಿದ್ದು ಅರ್ಧ ಮಂತ್ರ ಅಳಿಸಿದೆ, ಆದರೆ ಹಿಟ್ ಪಾಯಿಂಟ್, ಅಂದರೆ ಜೀವದ ಲೆಕ್ಕ, ನಾಲ್ಕು ಅಂತ ಸರಿಯಾಗಿ ಕಾಣುತ್ತದೆ. ನೀನು ಅವನನ್ನು ಕಲ್ಲುಮನೆಯ ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದೆ. ಇನ್ನೂ ಅಲ್ಲೇ ನಿಂತಿದ್ದಾನೆ.

ನಿನ್ನ ದೋಸ್ತ

ತಾ.ಕ.: ಬರುವಾಗ ನನ್ನ ಕೆಂಪು ದಾಳ ವಾಪಸ್ ತಾ. ನೀನೇ ಒಯ್ದದ್ದು, ನನಗೆ ಗೊತ್ತು.